ಗಾಡಿಯವರು ಸೈಕಲ್ ಮೇಲೆ ಹರಿಹಾಯ್ದಾಗ ಯಾವುದು ಮೊದಲು, ಯಾವುದು ಆಮೇಲೆ: ಬೆಂಗಳೂರು ಟ್ರಾಫಿಕ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಹಾರ್ನ್ ಹೊಡೆದು ಅಂಚಿಗೆ ತಳ್ಳಿದರು, ಕಟ್ ಹೊಡೆದರು, ಕಿಟಕಿ ಇಳಿಸಿ ಬೈದರು. ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಆಮೇಲೆ ಏನು ಮಾಡಿದಿರಿ ಅಂತ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: ನಾನೂ ಬೈದೆ, ಅಟ್ಟಿಸಿಕೊಂಡು ಹೋದೆ, ಸಿಗ್ನಲ್‌ನಲ್ಲಿ ಹಿಡಿದೆ, ಜಗಳವಾಯಿತು, ಅವರು ಹೊರಟುಹೋದರು, ಗಾಡಿ ನಂಬರ್ ಮಾತ್ರ ನೋಡಲೇ ಇಲ್ಲ.

ಇಲ್ಲಿ ಕೆಡುವುದು ಕ್ರಮ. ಮೊದಲು ಜಾಗ ಮಾಡಿಕೊಳ್ಳಬೇಕು, ಆಮೇಲೆ ನಂಬರ್, ಆಮೇಲೆ ದಾಖಲೆ, ಆಮೇಲೆ ದೂರು. ಮಾತು ಎಲ್ಲಕ್ಕಿಂತ ಕೊನೆಗೆ, ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಮಧ್ಯದಿಂದ ಶುರು ಮಾಡಬೇಡಿ, ಯಾಕೆಂದರೆ ಜಗಳಗಳಲ್ಲಿ ಬಹುಪಾಲು ಮೊದಲ ಎರಡು ಹಂತಗಳಲ್ಲೇ ತಪ್ಪಿಹೋಗುತ್ತವೆ.

## ಹೊರಡುವ ಮುಂಚೆ: ಏನೇನು ಬೇಕು

ಕನ್ನಡಿ. ಹ್ಯಾಂಡಲ್‌ನ ಬಲತುದಿಗೆ ಸಿಕ್ಕಿಸುವ ಸಣ್ಣ ಕನ್ನಡಿ. ಕ್ಯಾಮೆರಾಗಿಂತ ಮೊದಲು ಇದನ್ನು ತೆಗೆದುಕೊಳ್ಳಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಒಂದು ಸೆಕೆಂಡ್ ಹಿಂದೆ ತಿರುಗಿ ನೋಡಿದರೆ ಸೈಕಲ್ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ, ಅದೂ ನೀವು ರಸ್ತೆ ನೋಡದೆ. ನಮ್ಮ ರಸ್ತೆಗಳಲ್ಲಿ ಆ ಐದೂವರೆ ಮೀಟರ್‌ನಲ್ಲಿ ಒಂದು ಗುಂಡಿ ಇದ್ದೇ ಇರುತ್ತದೆ. ಕನ್ನಡಿ ಇದ್ದರೆ ಹಿಂದೆ ಯಾರು ಬರುತ್ತಿದ್ದಾರೆ, ಹೇಗೆ ಬರುತ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ.

ಲೈಟು. ಹಿಂದೆ ಕೆಂಪು, ಮುಂದೆ ಬಿಳಿ. ಹಗಲಲ್ಲೂ ಹಿಂದಿನ ಲೈಟು ಮಿನುಗುತ್ತಿರಲಿ. "ಕಾಣಿಸಲೇ ಇಲ್ಲ" ಅನ್ನುವ ಮಾತಿಗೆ ಆಗ ಜಾಗವೇ ಇರುವುದಿಲ್ಲ. ಮಳೆಗಾಲದ ಸಂಜೆಯಲ್ಲಂತೂ ಇದಿಲ್ಲದೆ ಹೊರಡಲೇಬೇಡಿ.

ಹೆಲ್ಮೆಟ್, ಬೆಲ್, ಹೊಳೆಯುವ ಪಟ್ಟಿ. ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರಲಿ.

ಕ್ಯಾಮೆರಾ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ತೆಗೆದುಕೊಳ್ಳುವುದಾದರೆ ದಿನಾಂಕ, ಸಮಯ ಸರಿಯಾಗಿ ಹೊಂದಿಸಿ. ಇಂಥ ಕ್ಯಾಮೆರಾಗಳು ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತವೆ. ಭಾನುವಾರ ನಡೆದದ್ದನ್ನು ಗುರುವಾರ ಹುಡುಕಿದರೆ ಸಿಗುವುದಿಲ್ಲ. ಏನಾದರೂ ಆದ ದಿನವೇ ಆ ತುಣುಕನ್ನು ಬೇರೆ ಕಡೆ ಉಳಿಸಿಕೊಳ್ಳಿ. ಫೋನನ್ನು ಹ್ಯಾಂಡಲ್‌ಗೆ ಕಟ್ಟಿ ಚಿತ್ರೀಕರಿಸುವವರಿದ್ದಾರೆ, ಆದರೆ ಅಲುಗಾಟಕ್ಕೆ ನಂಬರ್ ಪ್ಲೇಟ್ ಓದಲಾಗದ ಹಾಗೆ ಬರುತ್ತದೆ, ನಂಬಿಕೊಳ್ಳಬೇಡಿ.

ಫೋನಿನ ಸಿದ್ಧತೆ. ಲಾಕ್ ಆದ ಪರದೆಯ ಮೇಲೂ ಮನೆಯವರ ನಂಬರ್ ಕಾಣುವ ಹಾಗೆ ಮಾಡಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108. ದಿನಾ ಹೋಗುವ ದಾರಿಯಲ್ಲಿ ಯಾವ ಯಾವ ಪೊಲೀಸ್ ಠಾಣೆ ಬರುತ್ತದೆ, ಯಾವ ಪೆಟ್ರೋಲ್ ಬಂಕ್ ತಡರಾತ್ರಿವರೆಗೆ ತೆರೆದಿರುತ್ತದೆ ಅಂತ ಒಂದು ಸಲ ನೋಡಿಟ್ಟುಕೊಳ್ಳಿ. ಆರನೇ ಹಂತದಲ್ಲಿ ಇದು ಬೇಕಾಗುತ್ತದೆ.

## ಹಂತ 1: ರಸ್ತೆಯಲ್ಲಿ ನಿಮ್ಮ ಜಾಗ ಹಿಡಿಯಿರಿ

ಬೈಗುಳಕ್ಕೆ ಹೆದರಿ ಎಡ ಅಂಚಿಗೆ ಅಂಟಿಕೊಂಡು ಹೋಗುವುದು ಹೊಸಬರು ಮಾಡುವ ಮೊದಲ ತಪ್ಪು. ಅಂಚಿನಲ್ಲಿ ಮರಳು ಇರುತ್ತದೆ, ಚರಂಡಿ ಚಪ್ಪಡಿ ಇರುತ್ತದೆ, ನಿಂತ ಕಾರಿನ ಬಾಗಿಲು ತೆರೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೀವು ಅಂಚಿಗೆ ಸರಿದಷ್ಟೂ ಹಿಂದಿನವರಿಗೆ "ಇಲ್ಲಿ ನುಗ್ಗಬಹುದು" ಅನ್ನಿಸುತ್ತದೆ.

ಲೆಕ್ಕ ನೋಡಿ. ಒಂದು ಲೇನ್ ಸಾಮಾನ್ಯವಾಗಿ ಮೂರೂವರೆ ಮೀಟರ್ ಅಗಲ. ಬಸ್ ಸುಮಾರು ಎರಡೂವರೆ ಮೀಟರ್ ಅಗಲ. ಉಳಿದದ್ದು ಒಂದು ಮೀಟರ್. ಅದರಲ್ಲಿ ನಿಮ್ಮ ಹ್ಯಾಂಡಲ್‌ಗೇ ಅರ್ಧ ಮೀಟರ್‌ಗಿಂತ ಜಾಸ್ತಿ ಬೇಕು. ಅಂದರೆ ಅದೇ ಲೇನಿನಲ್ಲಿ ಬಸ್ ನಿಮ್ಮನ್ನು ಸುರಕ್ಷಿತವಾಗಿ ದಾಟಲು ಸಾಧ್ಯವೇ ಇಲ್ಲ. ನೀವು ಅಂಚಿಗೆ ಹೋಗಿ "ಜಾಗ ಕೊಟ್ಟರೂ" ಆ ಜಾಗ ಸಾಲುವುದಿಲ್ಲ, ಸಾಲುತ್ತದೆ ಅನ್ನುವ ಭ್ರಮೆ ಮಾತ್ರ ಹುಟ್ಟುತ್ತದೆ.

ಹಾಗಾಗಿ ಸಾಮಾನ್ಯವಾಗಿ ಅಂಚಿನಿಂದ ಸುಮಾರು ಒಂದು ಮೀಟರ್ ಬಿಟ್ಟು ನೇರವಾಗಿ ಹೋಗಿ. ನಿಂತ ಕಾರುಗಳ ಸಾಲಿದ್ದರೆ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬರಬೇಡಿ. ಹಿಂದಿನವರ ಕಣ್ಣಿಗೆ ನೀವು ಮಾಯವಾಗಿ ದಿಢೀರ್ ಪ್ರತ್ಯಕ್ಷವಾಗುತ್ತೀರಿ, ಸಿಟ್ಟು ಬರುವುದೇ ಆಗ.

ಲೇನಿನ ಮಧ್ಯಕ್ಕೆ ಬರಬೇಕಾದ ಜಾಗಗಳೂ ಇವೆ: ಜಂಕ್ಷನ್‌ಗೆ ಸ್ವಲ್ಪ ಮುಂಚೆ, ರಸ್ತೆ ಕಿರಿದಾಗುವಲ್ಲಿ, ಮೆಟ್ರೋ ಕಾಮಗಾರಿಯ ತಗಡಿನ ಬೇಲಿ ರಸ್ತೆಯನ್ನು ತಿಂದಿರುವಲ್ಲಿ. ಕನ್ನಡಿ ನೋಡಿ, ಬಲಗೈ ಚಾಚಿ, ಜಾಗ ಸಿಕ್ಕ ಮೇಲೆ ಸರಿಯಿರಿ. ಇಕ್ಕಟ್ಟು ಮುಗಿದ ಕೂಡಲೇ ಎಡಕ್ಕೆ ಬಂದು, ಕೈ ಬೀಸಿ ಹಿಂದಿನವರಿಗೆ ದಾರಿ ಬಿಡಿ. ಈ ಕೈ ಬೀಸುವುದನ್ನು ಸಣ್ಣದು ಅಂದುಕೊಳ್ಳಬೇಡಿ. "ನಿಮ್ಮನ್ನು ನೋಡಿದ್ದೇನೆ, ಬೇಕಂತ ತಡೆಯುತ್ತಿಲ್ಲ" ಅಂತ ತಿಳಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಲೇನ್ ಹಿಡಿಯುವುದು ಟ್ರಾಫಿಕ್ ನಿಧಾನ ಇರುವಲ್ಲಿ ಮಾತ್ರ. ಗಾಡಿಗಳು 60ರಲ್ಲಿ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಹೊರ ವರ್ತುಲ ರಸ್ತೆಯ ಮುಖ್ಯ ಭಾಗದಲ್ಲಿ ಇದನ್ನು ಮಾಡಬೇಡಿ, ಸರ್ವಿಸ್ ರಸ್ತೆ ಹಿಡಿಯಿರಿ. ಹೆಬ್ಬಾಳ, ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಕಡೆ ಗಾಡಿಗಳು ಎರಡೂ ಬದಿಯಿಂದ ಬಂದು ಸೇರುತ್ತವೆ. ಅಲ್ಲಿ ಇಳಿದು ತಳ್ಳಿಕೊಂಡು ದಾಟಿದರೆ ಎರಡು ನಿಮಿಷ ತಡವಾಗಬಹುದು, ಅಷ್ಟೇ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ಗೂ ಪ್ರವೇಶ ಇಲ್ಲ. ಅಲ್ಲಿ ಯಾರಾದರೂ ಹಾರ್ನ್ ಹೊಡೆದು ಹೊರಗೆ ಹೋಗಿ ಅಂದರೆ ಅವರು ಹೇಳುವುದು ಸರಿ.

## ಹಂತ 2: ಗಮನವಿಲ್ಲದವರು ಯಾರು, ಸಿಟ್ಟಾದವರು ಯಾರು

ಹಾರ್ನ್ ಹೊಡೆದವರೆಲ್ಲ ವೈರಿಗಳಲ್ಲ. ನಮ್ಮಲ್ಲಿ ಒಂದು ಸಣ್ಣ ಹಾರ್ನ್ ಅಂದರೆ "ಹಿಂದೆ ಇದ್ದೇನೆ" ಅಂತ ಅಷ್ಟೇ. ಅದಕ್ಕೆ ತಿರುಗಿ ಗುರಾಯಿಸಿದರೆ ಇಲ್ಲದ ಜಗಳವನ್ನು ನೀವೇ ಕರೆದ ಹಾಗೆ. ಪಕ್ಕದಲ್ಲೇ ತೀರಾ ಹತ್ತಿರ ದಾಟಿದವರಲ್ಲೂ ಎಷ್ಟೋ ಜನ ಫೋನ್ ನೋಡುತ್ತಿರುತ್ತಾರೆ, ಮ್ಯಾಪ್ ನೋಡುತ್ತಿರುತ್ತಾರೆ, ಇಲ್ಲವೇ ಸೈಕಲ್‌ಗೆ ಎಷ್ಟು ಜಾಗ ಬೇಕು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಅಪಾಯ ಎರಡರಲ್ಲೂ ಒಂದೇ, ಆದರೆ ನೀವು ಮಾಡಬೇಕಾದದ್ದು ಬೇರೆ. ಗಮನವಿಲ್ಲದವರಿಗೆ ನೀವು ಕಾಣಿಸಬೇಕು, ಕೇಳಿಸಬೇಕು. ಸಿಟ್ಟಾದವರಿಂದ ನೀವು ದೂರವಾಗಬೇಕು.

ಸಿಟ್ಟಿನ ಲಕ್ಷಣಗಳು ಇವು:

ಹಾರ್ನ್ ಬಿಡದೆ ಉದ್ದಕ್ಕೆ ಒತ್ತುವುದು. ಪಕ್ಕದ ಲೇನ್ ಖಾಲಿ ಇದ್ದರೂ ನಿಮ್ಮ ಹಿಂದೆಯೇ ಅಂಟಿಕೊಂಡು ಬರುವುದು. ಹೆಡ್‌ಲೈಟ್ ಮತ್ತೆ ಮತ್ತೆ ಮಿನುಗಿಸುವುದು, ನಿಂತಲ್ಲೇ ಎಂಜಿನ್ ಗರ್ ಅನ್ನಿಸುವುದು. ನಿಮ್ಮನ್ನು ದಾಟಿದ ಮೇಲೆ ಕಾರಣವಿಲ್ಲದೆ ನಿಧಾನ ಮಾಡುವುದು ಅಥವಾ ನಿಮ್ಮ ಮುಂದೆ ತಟ್ಟನೆ ಬ್ರೇಕ್ ಹಾಕುವುದು. ಪಕ್ಕಕ್ಕೆ ಬಂದು ನಿಮ್ಮದೇ ವೇಗದಲ್ಲಿ ಜೊತೆಯಲ್ಲೇ ಸಾಗುತ್ತ ಎಡಗಡೆ ಕಿಟಕಿ ಇಳಿಸುವುದು.

ಕೊನೆಯ ಎರಡು ಬಹಳ ಕೆಟ್ಟವು. ದಾಟಿ ಹೋದವರು ಹೊರಟುಹೋಗಬೇಕು ಅಲ್ವಾ? ಹೋಗದೆ ನಿಮಗೋಸ್ಕರ ಕಾಯುತ್ತಿದ್ದಾರೆ ಅಂದರೆ ಅವರ ಮನಸ್ಸು ರಸ್ತೆಯ ಮೇಲಿಲ್ಲ, ನಿಮ್ಮ ಮೇಲಿದೆ. ಆ ಕ್ಷಣದಿಂದ ನಿಮ್ಮ ಹಕ್ಕು, ನಿಮ್ಮ ಲೇನ್, ತಪ್ಪು ಯಾರದು ಅನ್ನುವುದೆಲ್ಲ ಪಕ್ಕಕ್ಕಿಡಿ.

## ಹಂತ 3: ಮೊದಲ ಹತ್ತು ಸೆಕೆಂಡ್

ಇಲ್ಲಿ ಮಾಡಬೇಕಾದದ್ದು ಮೂರೇ, ಇದೇ ಕ್ರಮದಲ್ಲಿ.

ಒಂದು, ಎರಡೂ ಕೈ ಹ್ಯಾಂಡಲ್ ಮೇಲೆ, ಬೆರಳು ಬ್ರೇಕ್ ಮೇಲೆ. ಕೈ ಎತ್ತಿ ಬೆರಳು ತೋರಿಸಿದರೆ ನಿಮ್ಮ ಒಂದು ಬ್ರೇಕ್ ಹೋಯಿತು, ಸಮತೋಲನ ಹೋಯಿತು, ಎದುರಿನವರ ಸಿಟ್ಟು ಎರಡರಷ್ಟಾಯಿತು. ಒಂದೇ ಕೆಲಸಕ್ಕೆ ಮೂರು ನಷ್ಟ.

ಎರಡು, ವೇಗ ಇಳಿಸಿ, ಅವರು ಮುಂದೆ ಹೋಗಲಿ. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್, ಯಾವ ಸ್ಕೂಟರೂ ಸಲೀಸಾಗಿ ಹೋಗುವ ವೇಗ ಅದು. ನೀವು ನಿಧಾನ ಮಾಡಿದರೆ ಮಾತ್ರ ಅಂತರ ಬೆಳೆಯುತ್ತದೆ. ದಿಢೀರ್ ಬ್ರೇಕ್ ಬೇಡ, ಹಿಂದೆ ಇನ್ನೊಬ್ಬರು ಇರುತ್ತಾರೆ. ತುಳಿಯುವುದನ್ನು ನಿಲ್ಲಿಸಿ, ಮೆಲ್ಲಗೆ ಹಿಡಿಯುತ್ತಾ ಬನ್ನಿ. ಅವರು ಮುಂದೆ ಹೋದರೆ ನಿಮಗೆ ಇನ್ನೊಂದು ಲಾಭ, ಅವರ ನಂಬರ್ ಪ್ಲೇಟ್ ಈಗ ನಿಮ್ಮ ಕಣ್ಣೆದುರು ಇದೆ.

ಮೂರು, ನಂಬರನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಅಲ್ಲ, ಜೋರಾಗಿ. "ಕೆಎ ಸೊನ್ನೆ ಐದು..." ಅಂತ ಎರಡು ಮೂರು ಸಲ. ಕ್ಯಾಮೆರಾ ಇದ್ದರೆ ಪ್ಲೇಟ್ ಮಸುಕಾಗಿದ್ದರೂ ದನಿ ದಾಖಲಾಗುತ್ತದೆ. ಇಲ್ಲದಿದ್ದರೆ, ಬೈಯಲು ಹೊರಟ ಬಾಯಿಗೆ ಒಂದು ಕೆಲಸ ಸಿಗುತ್ತದೆ. ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ, ಗಾಡಿಯ ಬಣ್ಣ, ಯಾವ ಥರದ ಗಾಡಿ, ಪ್ಲೇಟಿನ ಬಣ್ಣ. ಬಿಳಿ ಪ್ಲೇಟ್ ಸ್ವಂತ ಗಾಡಿ, ಹಳದಿ ಬಾಡಿಗೆ ಅಥವಾ ಸರಕಿನ ಗಾಡಿ, ಹಸಿರು ಎಲೆಕ್ಟ್ರಿಕ್.

ಈ ಹತ್ತು ಸೆಕೆಂಡಿನಲ್ಲಿ ಮಾಡಬಾರದ ಒಂದು ಕೆಲಸವನ್ನು ಬೇರೆಯಾಗಿಯೇ ಹೇಳಬೇಕು. ಗಾಡಿಯನ್ನು ಮುಟ್ಟಬೇಡಿ. ಬಾನೆಟ್ ಮೇಲೆ ಕೈಯಿಂದ ಬಡಿಯುವುದು, ಕನ್ನಡಿ ಮಡಚುವುದು, ಬಾಗಿಲಿಗೆ ಒದೆಯುವುದು, ಯಾವುದೂ ಬೇಡ. ಅಲ್ಲಿಯವರೆಗೆ ತಪ್ಪು ಅವರದಾಗಿತ್ತು. ಬಡಿದ ಮೇಲೆ ಸುತ್ತ ಸೇರಿದವರು ನೋಡಿರುವುದು ನಿಮ್ಮ ಕೈಯನ್ನು ಮಾತ್ರ.

## ಹಂತ 4: ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಸಿಕ್ಕರೆ

ಸಿಕ್ಕೇ ಸಿಗುತ್ತಾರೆ, ಬೆಂಗಳೂರು ಅಲ್ವಾ. ಅಷ್ಟು ಅವಸರದಲ್ಲಿ ನಿಮ್ಮನ್ನು ತಳ್ಳಿಕೊಂಡು ಹೋದ ಕಾರು ಮುಂದಿನ ಕೆಂಪು ದೀಪದ ಹತ್ತಿರ ನಿಂತಿರುತ್ತದೆ. ಪಕ್ಕಕ್ಕೆ ಹೋಗಿ ಕಿಟಕಿ ತಟ್ಟಬೇಕು ಅನ್ನಿಸುತ್ತದೆ. ಅನ್ನಿಸುವುದು ಸಹಜ. ಹೋಗಬೇಡಿ.

ನಾಲ್ಕೈದು ಗಾಡಿ ಹಿಂದೆ ನಿಲ್ಲಿ. ಮುಂದೆ ಹೋಗಿ ನಿಂತರೆ ಹಸಿರು ಬಿದ್ದಾಗ ಆ ಕಾರಿನ ಮುಂದೆಯೇ ನೀವು ಹೊರಡಬೇಕು, ಇಡೀ ಕಥೆ ಮತ್ತೆ ಶುರು. ಎಡಗಡೆಯಿಂದ ನುಸುಳುವುದು ಇನ್ನೂ ಅಪಾಯ, ಅವರು ಎಡಕ್ಕೆ ತಿರುಗುವವರಾದರೆ ನೇರ ಚಕ್ರದ ಕೆಳಗೆ. ನಿಂತಲ್ಲಿಂದಲೇ ನಂಬರ್ ಖಚಿತಪಡಿಸಿಕೊಳ್ಳಿ. ಸಂಚಾರ ಪೊಲೀಸರು ಇದ್ದರೆ ಸೈಕಲ್ ಅಂಚಿಗೆ ತಂದು ಅವರ ಹತ್ತಿರ ಹೋಗಿ ಹೇಳಿ. ಡ್ರೈವರ್ ಹತ್ತಿರ ಅಲ್ಲ.

ಮಾತಾಡಲೇಬೇಕಾಗಿ ಬಂದರೆ, ಅಂದರೆ ಅವರೇ ಕಿಟಕಿ ಇಳಿಸಿ ಶುರು ಮಾಡಿದರೆ, ಬಹುವಚನ ಬಿಡಬೇಡಿ. "ಏನೋ" ಅಂತ ಒಂದು ಏಕವಚನ ಬಿದ್ದರೆ ಸಾಕು, ಜಗಳ ರಸ್ತೆಯದಾಗಿ ಉಳಿಯುವುದಿಲ್ಲ, ಮರ್ಯಾದೆಯದಾಗುತ್ತದೆ. ಅವರು ಏಕವಚನದಲ್ಲಿ ಬೈದರೂ ನೀವು "ಸಾರ್, ತುಂಬಾ ಹತ್ತಿರ ಬಂದ್ರಿ, ಬೀಳ್ತಿದ್ದೆ" ಅನ್ನಿ. ಆಟೋದವರಾದರೆ "ಅಣ್ಣಾ, ಸ್ವಲ್ಪ ಜಾಗ ಬಿಡಿ ಅಣ್ಣಾ". ಒಂದೇ ವಾಕ್ಯ, ಒಂದೇ ಸಲ. ಎಷ್ಟೋ ಡ್ರೈವರ್‌ಗಳು ಅಲ್ಲಿಗೇ ತಣ್ಣಗಾಗುತ್ತಾರೆ, ಕೆಲವರು ಸಾರಿ ಅಂತಲೂ ಹೇಳುತ್ತಾರೆ. ಸಂಚಾರ ನಿಯಮದ ಪಾಠ ಬೇಡ. ಭಾಷೆ ಬಾರದವರಾದರೆ ಅಂಗೈ ಕೆಳಗೆ ಮಾಡಿ "ನಿಧಾನ" ಅನ್ನುವ ಸನ್ನೆ ಎಲ್ಲರಿಗೂ ಅರ್ಥವಾಗುತ್ತದೆ.

## ಹಂತ 5: ಗಾಡಿ ಅಡ್ಡ ಹಾಕಿ ಇಳಿದು ಬಂದರೆ

ಇಷ್ಟು ಹೊತ್ತಿಗೆ ನಿಮಗೆ ಹೆದರಿಕೆ ಆಗಿರುತ್ತದೆ, ಆಗಬೇಕು ಕೂಡ. ಮೊದಲು ಸೈಕಲ್‌ನಿಂದ ಇಳಿಯಿರಿ. ಕಾಲ ನಡುವೆ ಸೈಕಲ್ ಇಟ್ಟುಕೊಂಡು ನಿಂತವರನ್ನು ಬೀಳಿಸಲು ಒಂದು ತಳ್ಳು ಸಾಕು. ಇಳಿದು, ಸೈಕಲನ್ನು ನಿಮಗೂ ಅವರಿಗೂ ನಡುವೆ ಅಡ್ಡ ಹಿಡಿಯಿರಿ. ಹೆಲ್ಮೆಟ್ ತೆಗೆಯಬೇಡಿ. ರಸ್ತೆಯ ಕಡೆ ಅಲ್ಲ, ಅಂಗಡಿಗಳ ಕಡೆ, ಜನ ಇರುವ ಕಡೆ ಹಿಂದೆ ಹಿಂದೆ ಸರಿಯಿರಿ.

ಆಮೇಲೆ ಮಾತು. "ಆಯ್ತು ಸಾರ್, ನೀವು ಹೋಗಿ." ಇದು ತಪ್ಪೊಪ್ಪಿಗೆ ಅಲ್ಲ, ಸೋಲೂ ಅಲ್ಲ, ಅಲ್ಲಿಂದ ಹೊರಗೆ ಬರುವ ದಾರಿ. ಜನ ಸೇರಿದರೆ ಒಬ್ಬರನ್ನು ಆರಿಸಿ ನೇರವಾಗಿ ಕರೆಯಿರಿ: "ನೀಲಿ ಶರ್ಟ್ ಹಾಕಿರೋ ಅಣ್ಣಾ, ಸ್ವಲ್ಪ 112ಗೆ ಫೋನ್ ಮಾಡಿ." ಸುಮ್ನೆ "ಯಾರಾದ್ರೂ ಸಹಾಯ ಮಾಡಿ" ಅಂದರೆ ಯಾರೂ ಅಲುಗಾಡುವುದಿಲ್ಲ. ಬೇಕರಿಯವರು, ಆಟೋ ಸ್ಟ್ಯಾಂಡಿನವರು, ಎಳನೀರು ಮಾರುವವರು ಆ ಜಾಗ ಬಿಟ್ಟು ಹೋಗುವವರಲ್ಲ, ಆಮೇಲೆ ಸಾಕ್ಷಿಗೂ ಸಿಗುತ್ತಾರೆ. ಕರೆಯುವಾಗ ಅಂಥವರನ್ನೇ ಕರೆಯಿರಿ.

ಫೋನ್ ತೆಗೆದು ಅವರ ಮುಖಕ್ಕೆ ಹಿಡಿಯುವುದು ಈ ಹಂತದ ದೊಡ್ಡ ತಪ್ಪು. ಫೋನ್ ಕಿತ್ತುಕೊಳ್ಳುವುದು, ತಳ್ಳಾಟ ಎಲ್ಲ ಅಲ್ಲಿಂದಲೇ ಶುರುವಾಗುವುದು. ಚಿತ್ರೀಕರಣ ಆನ್ ಮಾಡಿ ಎದೆಯ ಹತ್ತಿರ ಹಿಡಿದುಕೊಂಡರೆ ದನಿಯಾದರೂ ಬರುತ್ತದೆ. ಗಾಡಿಯ ಕೀ ಕಿತ್ತುಕೊಳ್ಳಲು ಹೋಗುವವರೂ ಇದ್ದಾರೆ. ದಯವಿಟ್ಟು ಬೇಡ.

ಕೈ ಮಾಡುವ ಲಕ್ಷಣ ಕಂಡರೆ, ಅಂದರೆ ಮಾತು ನಿಂತು ಹತ್ತಿರ ಹತ್ತಿರ ಬರುತ್ತಿದ್ದರೆ, ಗಾಡಿಯಿಂದ ಏನಾದರೂ ತೆಗೆಯಲು ತಿರುಗಿದರೆ, ಜೊತೆಯವರೂ ಇಳಿಯುತ್ತಿದ್ದರೆ, ಸೈಕಲ್ ಅಲ್ಲೇ ಬಿಟ್ಟು ಅಂಗಡಿಯೊಳಗೆ ಹೋಗಿ. ಸೈಕಲ್ ಎಷ್ಟೇ ಬೆಲೆಯದಾಗಿರಲಿ.

## ಹಂತ 6: ಹಿಂಬಾಲಿಸಿದರೆ

ಎರಡು ತಿರುವು ತೆಗೆದುಕೊಂಡ ಮೇಲೂ ಅದೇ ಗಾಡಿ ಹಿಂದೆ ಇದ್ದರೆ ಹಿಂಬಾಲಿಸುತ್ತಿದ್ದಾರೆ ಅಂತಲೇ ತಿಳಿಯಿರಿ. ಮನೆಗೆ ಹೋಗಬೇಡಿ. ಆಫೀಸಿಗೂ ಬೇಡ. ಖಾಲಿ ಗಲ್ಲಿಗೆ, ಕೆರೆ ಏರಿಯ ಕಡೆಗೆ ತಿರುಗಲೇಬೇಡಿ.

ಕಾರಿಗಿಂತ ಸೈಕಲ್‌ಗೆ ಇರುವ ಅನುಕೂಲ ಒಂದೇ: ಇಳಿದರೆ ನೀವು ಪಾದಚಾರಿ. ಫುಟ್‌ಪಾತ್ ಹತ್ತಿ, ಬಂದ ದಿಕ್ಕಿಗೇ ವಾಪಸ್ ತಳ್ಳಿಕೊಂಡು ನಡೆಯಿರಿ. ಒನ್‌ವೇ ರಸ್ತೆಯಲ್ಲಿ, ಉದಾಹರಣೆಗೆ ರೆಸಿಡೆನ್ಸಿ ರಸ್ತೆಯಲ್ಲಿ, ಕಾರು ಹಿಂದೆ ಬರಲು ಆಗುವುದೇ ಇಲ್ಲ, ಇಡೀ ಸುತ್ತು ಹಾಕಬೇಕು. ಬೈಕ್ ಆದರೆ ಇದು ಕೆಲಸ ಮಾಡುವುದಿಲ್ಲ, ಅವರು ಫುಟ್‌ಪಾತ್ ಮೇಲೂ ಬರುತ್ತಾರೆ. ಆಗ ಪೆಟ್ರೋಲ್ ಬಂಕ್, ಆಸ್ಪತ್ರೆ, ಠಾಣೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಬಂಕ್‌ನಲ್ಲಿ ಬೆಳಕಿದೆ, ಸಿಸಿಟಿವಿ ಇದೆ, ಕೆಲಸದವರಿದ್ದಾರೆ. ಅಲ್ಲಿಂದ 112ಗೆ ಕರೆ ಮಾಡಿ, ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಕಳಿಸುತ್ತಾರೆ. ಫೋನಿನಲ್ಲಿ ಮೊದಲು ನೀವಿರುವ ಜಾಗ ಹೇಳಿ, ಆಮೇಲೆ ಗಾಡಿ ನಂಬರ್, ಆಮೇಲೆ ನಡೆದದ್ದು. ಬಹಳ ಜನ ಕಥೆ ಮೊದಲು ಶುರು ಮಾಡಿ ಜಾಗವನ್ನು ಕೊನೆಗೆ ಹೇಳುತ್ತಾರೆ.

ಹೆಣ್ಣುಮಕ್ಕಳಿಗೆ ಇದರಲ್ಲಿ ಒಂದು ಹಂತ ಕಡಿಮೆ ಇರಲಿ. ಪಕ್ಕದಲ್ಲಿ ಬಂದು ಏನಾದರೂ ಅನ್ನುತ್ತಾ ಜೊತೆಯಲ್ಲೇ ಸಾಗುವವರು, ಕೈ ಚಾಚುವವರು ಟ್ರಾಫಿಕ್ ಸಿಟ್ಟಿನವರಲ್ಲ. ಎರಡು ತಿರುವಿನ ಪರೀಕ್ಷೆಯೆಲ್ಲ ಬೇಡ, ಮೊದಲ ಸಲಕ್ಕೇ ಜನರಿರುವ ಕಡೆ ನಿಂತು ಕರೆ ಮಾಡಿ. ಹಿಂಬಾಲಿಸುವುದು, ಮಾತಿನಿಂದ ಅಥವಾ ಸನ್ನೆಯಿಂದ ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 78 ಮತ್ತು 79ನೇ ಸೆಕ್ಷನ್‌ಗಳಲ್ಲಿ ಬೇರೆಯೇ ಅಪರಾಧಗಳು. "ಬಿಡಿ, ಟ್ರಾಫಿಕ್‌ನಲ್ಲಿ ಇದೆಲ್ಲ ಇದ್ದದ್ದೇ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

## ಹಂತ 7: ತಾಗಿದರೆ, ಬಿದ್ದರೆ

ಎದ್ದ ಕೂಡಲೇ "ಏನಿಲ್ಲ, ಏನಿಲ್ಲ" ಅನ್ನುವುದು ನಮ್ಮೆಲ್ಲರ ಅಭ್ಯಾಸ. ಆ ಮಾತು ಬೇಡ. ಆಗ ನೋವು ಗೊತ್ತಾಗುವುದಿಲ್ಲ, ಸಂಜೆಗೆ ಗೊತ್ತಾಗುತ್ತದೆ. ರಸ್ತೆಯಿಂದ ಪಕ್ಕಕ್ಕೆ ಬನ್ನಿ. ತಲೆಗೆ, ಕತ್ತಿಗೆ ಪೆಟ್ಟಾಗಿದ್ದರೆ ಅಲುಗಾಡದೆ 108ಕ್ಕೆ ಕರೆ ಮಾಡಿಸಿ.

ಅಪಘಾತವಾದಾಗ ಗಾಡಿ ನಿಲ್ಲಿಸಿ ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಿಕೊಳ್ಳುವುದು, ಪೊಲೀಸರಿಗೆ ತಿಳಿಸುವುದು ಡ್ರೈವರ್‌ನ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸಹಾಯ ಮಾಡಿದವರಿಗೆ ಕಾನೂನಿನ ತೊಂದರೆ ಬರಬಾರದು ಅಂತ 134ಎ ಇದೆ, ಹೆದರಿ ನಿಂತವರಿಗೆ ಇದನ್ನು ಹೇಳಿ.

ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನಬೇಡಿ, "ಗಾಡಿ ಗುದ್ದಿತು" ಅನ್ನಿ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಪ್ರಕರಣ ಅಂತ ಆಸ್ಪತ್ರೆಯವರು ಮಾಡುವ ದಾಖಲೆ, ಆಗಬೇಕು. ಒಂದು ಮಾತಿನ ವ್ಯತ್ಯಾಸದಿಂದ ಮುಂದೆ ವಿಮೆ, ಪರಿಹಾರ ಎಲ್ಲ ಕಷ್ಟವಾಗುತ್ತದೆ. ಮೋಟಾರು ಗಾಡಿಯಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ, ಅದರ ಬಗ್ಗೆ ಕೇಳಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಇದೆ, ಸಾವಾದರೆ ಮನೆಯವರಿಗೆ ಎರಡು ಲಕ್ಷ. ಗಾಡಿ ಸಿಕ್ಕರೆ ಅದರ ವಿಮೆಯಿಂದ ಪರಿಹಾರ ಕೇಳುವ ಅರ್ಜಿಗೆ ಕಾಯ್ದೆ ಕೊಟ್ಟಿರುವ ಗಡುವು ಆರು ತಿಂಗಳು. ತಡ ಮಾಡಬೇಡಿ.

ಸೈಕಲನ್ನು ಅದೇ ದಿನ ರಿಪೇರಿಗೆ ಕೊಡುವ ತಪ್ಪು ಕೂಡ ಬಹಳ ಜನ ಮಾಡುತ್ತಾರೆ. ಬಾಗಿದ ಚಕ್ರ, ಹರಿದ ಬಟ್ಟೆ, ಒಡೆದ ಹೆಲ್ಮೆಟ್ ಎಲ್ಲವೂ ಸಾಕ್ಷಿ. ಫೋಟೋ ತೆಗೆದು ಹಾಗೇ ಇಡಿ.

## ಹಂತ 8: ದಾಖಲೆ, ಅದೇ ದಿನ

ಮನೆಗೆ ಬಂದ ಮೇಲೆ ಸ್ನಾನಕ್ಕಿಂತ ಮೊದಲು ಇದನ್ನು ಬರೆದಿಡಿ: ದಿನಾಂಕ, ಸಮಯ, ಯಾವ ರಸ್ತೆ, ಯಾವ ಕಡೆಗೆ ಹೋಗುತ್ತಿದ್ದಿರಿ, ಹತ್ತಿರದ ಅಂಗಡಿ ಅಥವಾ ಕಂಬದ ಗುರುತು, ಗಾಡಿ ನಂಬರ್, ಅವರು ಆಡಿದ ಮಾತು ಆಡಿದ ಹಾಗೆಯೇ. ಬೈಗುಳವನ್ನೂ ತಿದ್ದದೆ ಬರೆಯಿರಿ. "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ಬರೆದರೆ ಏನು ಅಂದರು ಅಂತ ಮತ್ತೆ ಕೇಳುತ್ತಾರೆ, ಅಷ್ಟರಲ್ಲಿ ಮರೆತಿರುತ್ತೀರಿ.

ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ನೀವು ನೋಡಿದ್ದು ಬಿಳಿ ಕಾರು, ಅಲ್ಲಿ ಸ್ಕೂಟರ್ ಅಂತ ಬಂದರೆ ಒಂದು ಅಂಕಿ ತಪ್ಪಾಗಿದೆ, ಇಲ್ಲವೇ ಪ್ಲೇಟ್ ನಕಲಿ. ದೂರು ಕೊಡುವ ಮುಂಚೆ ಇದು ಗೊತ್ತಿರಬೇಕು.

ವಿಡಿಯೋ ಇದ್ದರೆ ಮೂಲ ಕಡತ ಮುಟ್ಟಬೇಡಿ. ಕತ್ತರಿಸುವುದು, ಹಾಡು ಸೇರಿಸುವುದು ಎಲ್ಲ ಪ್ರತಿಯಲ್ಲಿ. ಕೋರ್ಟಿನವರೆಗೆ ಹೋದರೆ ಇಂಥ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಮೂಲ ಕಾರ್ಡ್ ಇದ್ದರೆ ಅದು ಸುಲಭ. ಅಂಗಡಿಯ ಸಿಸಿಟಿವಿ ಬಹಳ ದಿನ ಉಳಿಯುವುದಿಲ್ಲ, ಮರುದಿನವೇ ಹೋಗಿ "ಇಷ್ಟು ಗಂಟೆಯದು ಉಳಿಸಿಡಿ ಸಾರ್, ಪೊಲೀಸರು ಕೇಳ್ತಾರೆ" ಅಂತ ಹೇಳಿ ಬನ್ನಿ.

ವಿಡಿಯೋವನ್ನು ಎಲ್ಲರಿಗೂ ಹಂಚುವ ಆಸೆ ಬರುತ್ತದೆ. ಮೊದಲು ದೂರು ಕೊಡಿ. ಹಂಚಿದ ಮೇಲೆ ಆ ಡ್ರೈವರ್ ಮನೆ ಹುಡುಕಿ ಹೋಗುವವರು, ನಿಮ್ಮ ಮನೆ ಹುಡುಕಿ ಬರುವವರು ಇಬ್ಬರೂ ಹುಟ್ಟಿಕೊಳ್ಳುತ್ತಾರೆ.

## ಹಂತ 9: ದೂರು ಎಲ್ಲಿ, ಹೇಗೆ

ಜನ ಕೈಬಿಡುವುದೇ ಇಲ್ಲಿ. ಕಾರಣ ಬಹಳ ಸಲ ಒಂದೇ, ತಪ್ಪು ಠಾಣೆಗೆ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಸಂಚಾರ ಠಾಣೆ ಬೇರೆ, ಕಾನೂನು ಸುವ್ಯವಸ್ಥೆ ಠಾಣೆ ಬೇರೆ. ಗಾಡಿ ಗುದ್ದಿದ್ದು, ಅಜಾಗರೂಕ ಚಾಲನೆ ಸಂಚಾರ ಠಾಣೆಗೆ. ಹೊಡೆದದ್ದು, ಬೆದರಿಸಿದ್ದು, ಅಡ್ಡ ಹಾಕಿದ್ದು ಕಾನೂನು ಸುವ್ಯವಸ್ಥೆ ಠಾಣೆಗೆ.

ಗಾಯವಿಲ್ಲ, ಹೊಡೆತವಿಲ್ಲ, ಅಪಾಯಕಾರಿಯಾಗಿ ಓಡಿಸಿದ್ದಕ್ಕೆ ವಿಡಿಯೋ ಮಾತ್ರ ಇದೆ ಅಂದರೆ ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಹಾಕಿ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆಗೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು.

ಠಾಣೆಗೆ ಹೋಗುವುದಾದರೆ ಬರೆದುಕೊಂಡು ಹೋಗಿ, ಎರಡು ಪ್ರತಿ. ಒಂದು ಪುಟ ಮೀರಬಾರದು. ನಡೆದದ್ದು ಮಾತ್ರ ಇರಲಿ, ನಗರದಲ್ಲಿ ಸೈಕಲ್ ಲೇನ್ ಇಲ್ಲ ಅನ್ನುವ ನೋವು ಆ ಪುಟದಲ್ಲಿ ಬೇಡ. ನಿಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಜಾಗರೂಕ ಚಾಲನೆಗೆ ನ್ಯಾಯ ಸಂಹಿತೆಯಲ್ಲಿ 281, ಅಡ್ಡಗಟ್ಟಿದ್ದಕ್ಕೆ 126, ಬೆದರಿಕೆಗೆ 351 ಇದೆ. ಇವನ್ನು ನೀವು ಬರೆಯಲೇಬೇಕು ಅಂತಿಲ್ಲ, ಆದರೆ ಗೊತ್ತಿದ್ದರೆ "ಇದಕ್ಕೆಲ್ಲ ಕೇಸ್ ಆಗಲ್ಲ" ಅಂದಾಗ ತಬ್ಬಿಬ್ಬಾಗುವುದಿಲ್ಲ.

"ಇದು ನಮ್ಮ ವ್ಯಾಪ್ತಿ ಅಲ್ಲ" ಅಂದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಪೊಲೀಸರು ತಾವೇ ತನಿಖೆ ಶುರು ಮಾಡಬಹುದಾದ ಅಪರಾಧಗಳಲ್ಲಿ ವ್ಯಾಪ್ತಿ ಯಾವುದೇ ಇರಲಿ ಮಾಹಿತಿ ಕೊಡಬಹುದು. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಆಮೇಲೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ, ಜಿಲ್ಲೆಗಳಲ್ಲಿ ಎಸ್‌ಪಿಗೆ. ರಸೀದಿ ಇಟ್ಟುಕೊಳ್ಳಿ. ಠಾಣೆಯಲ್ಲಿ ದನಿ ಏರಿಸಬೇಡಿ, ನಾಲ್ಕನೇ ಹಂತದ ಬಹುವಚನ ಇಲ್ಲಿಗೂ ಅನ್ವಯಿಸುತ್ತದೆ.

## ಗಾಡಿ ನೋಡಿ ನಡೆ

ಬಸ್. ಬಿಎಂಟಿಸಿ ಬಸ್ ನಿಮ್ಮನ್ನು ದಾಟಿದ ಮೇಲೆ ಎಡಕ್ಕೆ ಬಂದೇ ಬರುತ್ತದೆ, ನಿಲ್ದಾಣ ಇರುವುದು ಅಲ್ಲಿಯೇ. ಅದು ಹಗೆ ಅಲ್ಲ, ಅವರ ಕೆಲಸ. ನಿಲ್ದಾಣ ಕಂಡ ಕೂಡಲೇ ನಿಧಾನ ಮಾಡಿ, ಬಸ್ ಹೋಗಲಿ ಬಿಡಿ. ನಿಜವಾಗಿಯೂ ಬೇಕಂತ ಒತ್ತಿದರೆ ನೋಂದಣಿ ನಂಬರ್ ಜೊತೆಗೆ ಮಾರ್ಗದ ನಂಬರ್ ಮತ್ತು ಸಮಯ ಬರೆದುಕೊಳ್ಳಿ. ಇವು ಮೂರೂ ಇದ್ದರೆ ಅವತ್ತು ಯಾರು ಓಡಿಸುತ್ತಿದ್ದರು ಅಂತ ಡಿಪೋದವರಿಗೆ ಗೊತ್ತಾಗುತ್ತದೆ.

ಆಟೋ. ಕೈ ತೋರಿಸಿದ ಕಡೆಗೆ ತಿರುಗುತ್ತದೆ. ಆಟೋ ಹಿಂದೆ ಹೋಗುವಾಗ ಆಟೋ ನೋಡಬೇಡಿ, ಫುಟ್‌ಪಾತ್ ಮೇಲೆ ಕೈ ಎತ್ತಿದವರನ್ನು ನೋಡಿ.

ನೀರಿನ ಟ್ಯಾಂಕರ್, ಟಿಪ್ಪರ್, ಕಾಂಕ್ರೀಟ್ ಲಾರಿ. ಇವರ ಜೊತೆ ಹಕ್ಕಿನ ಮಾತೇ ಬೇಡ. ಎಡಗಡೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ನೀವು ಅವರಿಗೆ ಕಾಣುವುದಿಲ್ಲ. ಅವರ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ಹಿಂದೆ ಬಂದರೆ ನಿಲ್ಲಿಸಿ, ಇಳಿಯಿರಿ, ಹೋಗಲು ಬಿಡಿ.

ರಾಂಗ್ ಸೈಡ್ ಬೈಕ್. ಎದುರಿಗೆ ಬಂದು ಅವರೇ ಗುರಾಯಿಸುತ್ತಾರೆ. ಬಲಕ್ಕೆ ತಪ್ಪಿಸಲು ಹೋದರೆ ಹಿಂದಿನ ಗಾಡಿಗೆ ಸಿಗುತ್ತೀರಿ. ನಿಂತುಬಿಡಿ, ಅವರೇ ಸುತ್ತಿಕೊಂಡು ಹೋಗುತ್ತಾರೆ.

## ದಿನಾ ಅದೇ ಡ್ರೈವರ್ ಸಿಗುತ್ತಿದ್ದರೆ

ಶಾಲಾ ವ್ಯಾನು, ಕಂಪನಿ ಕ್ಯಾಬು, ಹಾಲಿನ ಗಾಡಿ ಒಂದೇ ಹೊತ್ತಿಗೆ ಒಂದೇ ರಸ್ತೆಯಲ್ಲಿ ಓಡುತ್ತವೆ, ನೀವೂ ಹಾಗೆಯೇ. ಮೂರನೇ ಸಲ ಅದೇ ಗಾಡಿ ಒತ್ತಿದರೆ ಕಾಕತಾಳೀಯ ಅಂದುಕೊಳ್ಳಬೇಡಿ. ಒಂದು ವಾರ ಹತ್ತು ನಿಮಿಷ ಮೊದಲು ಹೊರಡಿ, ಅಥವಾ ಪಕ್ಕದ ರಸ್ತೆ ಹಿಡಿಯಿರಿ. ಅಷ್ಟರಲ್ಲಿ ಗಾಡಿಯ ಮೇಲೆ ಬರೆದಿರುವ ಶಾಲೆ ಅಥವಾ ಸಂಸ್ಥೆಗೆ ದಿನಾಂಕ, ಸಮಯ, ನಂಬರ್ ಸಮೇತ ಒಂದು ಪತ್ರ ಹಾಕಿ. ಡ್ರೈವರ್‌ನನ್ನು ಕೆಲಸದಿಂದ ತೆಗೆಯಿರಿ ಅಂತ ಬರೆಯಬೇಡಿ. ಇಂಥ ರಸ್ತೆಯಲ್ಲಿ, ಇಷ್ಟು ಹೊತ್ತಿಗೆ ನಾನು ಸೈಕಲ್‌ನಲ್ಲಿ ಬರುತ್ತೇನೆ, ದಾಟುವಾಗ ಒಂದು ಮೀಟರ್ ಜಾಗ ಬಿಡಲು ಹೇಳಿ ಅಂತ ಬರೆಯಿರಿ. ಹದಿನೈದು ದಿನದಲ್ಲಿ ಏನೂ ಬದಲಾಗದಿದ್ದರೆ ಆ ಪತ್ರದ ಪ್ರತಿಯನ್ನೂ ಜೊತೆಗಿಟ್ಟು ಒಂಬತ್ತನೇ ಹಂತಕ್ಕೆ ಹೋಗಿ.